ಹತ್ತೊಂಬತ್ತು ಹೆಜ್ಜೆಯ ಗ್ಯಾಲರಿ

ನನ್ನ ಹಳೆಯ ಡೈರಿಯ ಒಂದು ಪುಟದಲ್ಲಿ ಪೆನ್ಸಿಲಿನಲ್ಲಿ ಬರೆದಿರುವುದು ಇಷ್ಟು: "ಮಾಮನ ಬಾಗಿಲಿನಿಂದ ಮೆಟ್ಟಿಲಿಗೆ ಹತ್ತೊಂಬತ್ತು ಹೆಜ್ಜೆ. ಎಡಕ್ಕೆ ತಿರುಗಬೇಕು. ಕೆಳಗೆ ಹದಿನಾರು ಮೆಟ್ಟಿಲು." ಹತ್ತೊಂಬತ್ತರ ಪಕ್ಕದಲ್ಲಿ ಹದಿನೆಂಟು ಎಂದು ಬರೆದು ಹೊಡೆದು ಹಾಕಿದ ಗುರುತಿದೆ. ಮಾಮ ಒಂದೇ ಸಲ, ಯಾವ ಅನುಮಾನವೂ ಇಲ್ಲದೆ ಹತ್ತೊಂಬತ್ತು ಎಂದರು ಎಂದೇ ನನಗೆ ನೆನಪು. ಪುಟ ಬೇರೆ ಹೇಳುತ್ತದೆ. ಎರಡು ಸಲ ನಡೆದಿದ್ದಾರೆ, ಎರಡು ಸಲವೂ ಬೇರೆ ಬೇರೆ ಲೆಕ್ಕ ಬಂದಿದೆ. ಆ ಹೊಡೆದು ಹಾಕಿದ ಹದಿನೆಂಟನ್ನು ಬರೆದ ದಿನವೇ ಸರಿಯಾಗಿ ನೋಡಿದ್ದರೆ ಏನಾದರೂ ಬದಲಾಗುತ್ತಿತ್ತೇ ಎಂದು ಈಗ ಕೇಳಿಕೊಳ್ಳುತ್ತೇನೆ. ಬಹುಶಃ ಇಲ್ಲ. ಆದರೂ ಕೇಳಿಕೊಳ್ಳುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಮುಂಬಯಿ ಬಳಿಯ ಡೊಂಬಿವಲಿಯ ಒಂದು ಹಳೆಯ ಚಾಳಿನಲ್ಲಿ. ಎರಡು ಮಾಳಿಗೆ, ಮಾಳಿಗೆಗೆ ಎಂಟು ಕೋಣೆ, ಮುಂದೆ ಉದ್ದಕ್ಕೂ ಮರದ ಕಟಾಂಜನದ ಗ್ಯಾಲರಿ, ಅದರ ತುದಿಯಲ್ಲಿ ಮೆಟ್ಟಿಲು, ಮೆಟ್ಟಿಲಿನ ಪಕ್ಕ ಎಲ್ಲರಿಗೂ ಸೇರಿದ ನಲ್ಲಿ ಮತ್ತು ಸಂಡಾಸು. ಮುಂದೆ ನಾನು ಆರ್ಕಿಟೆಕ್ಚರ್ ಓದಿ, ಥಾಣೆಯ ಮಾಜಿವಾಡಾ ಬಳಿಯ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿದೆ. ಎರಡು ಸಾವಿರದ ಹತ್ತರ ಆಸುಪಾಸಿನಲ್ಲಿ ನಮ್ಮ ಚಾಳು ರೀಡೆವಲಪ್‌ಮೆಂಟಿಗೆ, ಎಂದರೆ ಹಳೆಯದನ್ನು ಕೆಡವಿ ಬಿಲ್ಡರ್ ಹೊಸದು ಕಟ್ಟಿಕೊಡುವುದಕ್ಕೆ, ಹೋದಾಗ ಅದರ ನಕ್ಷೆಯ ಕೆಲಸ ನಮ್ಮ ಆಫೀಸಿಗೇ ಬಂತು. ಅದನ್ನು ನನಗೆ ಕೊಡಿ ಎಂದು ನಾನೇ ಕೇಳಿ ಪಡೆದೆ.

ಮಾಮ ನಮಗೆ ನೆಂಟರಲ್ಲ. ಮೊದಲ ಮಾಳಿಗೆಯಲ್ಲಿ ನಮ್ಮ ಪಕ್ಕದ ಕೋಣೆಯವರು. ಉಡುಪಿ ಕಡೆಯಿಂದ ಬಂದು ಓಣಿಯ ಮೂಲೆಯ ಹೋಟೆಲಿನಲ್ಲಿ ಅಡಿಗೆಯವರಾಗಿ ತಲೆ ಹಣ್ಣಾದವರು. ಕೊನೆಗೆ ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋದವು. ಹೋಟೆಲಿನ ಸಾಹುಕಾರರು ಬೇರೆ ಅಡಿಗೆಯವನನ್ನು ಇಟ್ಟುಕೊಂಡರು, ಆದರೆ ಒಂದು ಪದ್ಧತಿಯನ್ನು ಬಿಡಲಿಲ್ಲ. ಬೆಳಿಗ್ಗೆ ಏಳಕ್ಕೆ ಮೊದಲ ಹಂಡೆ ಸಾಂಬಾರು ಇಳಿದ ಮೇಲೆ ಮಾಮ ಬಂದು ಅಂಗೈ ಮೇಲೆ ಸೌಟಿನಿಂದ ನಾಲ್ಕು ಹನಿ ಹಾಕಿಸಿಕೊಂಡು ನೆಕ್ಕಿ ನೋಡಬೇಕು. ಅವರು "ಹೂಂ" ಎಂದ ಮೇಲೆಯೇ ಮೊದಲ ಗಿರಾಕಿಗೆ ಇಡ್ಲಿ. ಹುಳಿ ಹೆಚ್ಚಾಗಿದ್ದರೆ ಬೆಲ್ಲ, ಇಂಗು ಕಡಿಮೆಯಾಗಿದ್ದರೆ ಇನ್ನೊಂದು ಒಗ್ಗರಣೆ. ಹೊಸ ಅಡಿಗೆಯವ ಗೊಣಗುತ್ತಿದ್ದನಂತೆ, ಆದರೆ ಹೇಳಿದ ಹಾಗೆ ಮಾಡುತ್ತಿದ್ದನಂತೆ.

ಅಲ್ಲಿಗೆ ಮಾಮ ಒಬ್ಬರೇ ಹೋಗುತ್ತಿದ್ದರು. ಕೋಲೂ ಇಲ್ಲ.

ಚಾಳು ಬೀಳುತ್ತದೆ ಎಂದು ನಿಶ್ಚಯವಾದ ದಿನಗಳಲ್ಲಿ ಅವರು ನನ್ನನ್ನು ಗ್ಯಾಲರಿಯಲ್ಲಿ ಕೂರಿಸಿಕೊಂಡು ಕೇಳಿದ್ದು ಅದೊಂದೇ. "ಹೊಸ ಮನೆಯಿಂದ ನನಗೆ ಒಬ್ನಿಗೇ ಹೋಟೆಲಿಗೆ ಹೋಗ್ಲಿಕ್ಕೆ ಆಗ್ಬೇಕು. ಮತ್ತೆ ಎಂತದ್ದೂ ಬೇಡ ಮಾರಾಯ್ತಿ."

"ಮಾಮಿ ಕರ್ಕೊಂಡು ಹೋಗ್ತಾರಲ್ಲ ಮಾಮ," ಎಂದೆ.

"ಅವಳ ಕೈ ಹಿಡ್ಕೊಂಡು ಹೋದ್ರೆ ಹೋಟೆಲಿನವ್ರು ಎಂತ ಹೇಳ್ತಾರೆ ಗೊತ್ತುಂಟಾ? ಪಾಪ, ಕುರುಡ ಬಂದ, ಒಂದು ಚಾ ಕೊಡಿ ಅಂತ. ಒಬ್ನೇ ಹೋದ್ರೆ ನಾನು ಅಡಿಗೆಯವ."

ಒಳಗೆ ತೆಂಗಿನಕಾಯಿ ತುರಿಯುತ್ತಿದ್ದ ಮಾಮಿ ಅಲ್ಲಿಂದಲೇ, "ಚಾ ಕೊಟ್ರೆ ಬೇಡ ಹೇಳುವ ಜನವಾ ಇವ್ರು?" ಎಂದರು.

ನಾನು ಮಾತು ಕೊಟ್ಟೆ. ಮರುದಿನ ಟೇಪು ತಂದು, ಮಾಮನನ್ನು ಅವರ ಬಾಗಿಲಿನಿಂದ ಮೆಟ್ಟಿಲಿನವರೆಗೆ ನಡೆಸಿ, ಹೆಜ್ಜೆ ಎಣಿಸಿ ಎಂದೆ. ಅವರು ಗಟ್ಟಿಯಾಗಿ ಎಣಿಸಿದರು. ಮೂರನೆಯ ಬಾಗಿಲಿನ ಮರಾಠಿ ಹೆಂಗಸು, ನಾವೆಲ್ಲ ಕಾಕು ಎನ್ನುತ್ತಿದ್ದವರು, "ಕಾಕಾ, ಬಾದಲಿ ಆಹೆ, ಜಪೂನ್" ಎಂದು ಎಚ್ಚರಿಸಿ ತಮ್ಮ ಬಕೆಟ್ಟನ್ನು ಬದಿಗೆ ಸರಿಸಿದ್ದು ನೆನಪಿದೆ. ಎಣಿಕೆ ತಪ್ಪಬಾರದೆಂದು ನಾನು ಅವರಿಗೆ ಸುಮ್ಮನಿರಲು ಸನ್ನೆ ಮಾಡಿದ್ದೂ ನೆನಪಿದೆ.

ಆ ಓಣಿ ಗಿಡ್ಡ ಮನೆಗಳದ್ದು. ಹೆಂಚಿನ ಚಜ್ಜಾ, ಮರದ ಕಟಾಂಜನ, ಕೆಳಗೆ ಹಿಟ್ಟಿನ ಗಿರಣಿ, ಹೂವಿನ ಅಂಗಡಿ. ಅದರ ನಡುವೆ ಏಳು ಮಾಳಿಗೆ ಎದ್ದು ನಿಂತರೂ ನೋಡಿದವರಿಗೆ ಓಣಿ ಓಣಿಯಾಗಿಯೇ ಕಾಣಬೇಕು ಎಂಬುದು ನನ್ನ ಹಟ. ಮೊದಲ ಎರಡು ಮಾಳಿಗೆಗಳನ್ನು ಪಕ್ಕದ ಮನೆಗಳ ಎತ್ತರಕ್ಕೆ ಸರಿಯಾಗಿ ನಿಲ್ಲಿಸಿ, ಉಳಿದವನ್ನು ಹಿಂದಕ್ಕೆ ಸರಿಸಿದೆ. ಅಂಗಳದ ಹಳೆಯ ಬಾದಾಮಿ ಮರವನ್ನು ಉಳಿಸಿದೆ. ಮೊದಲ ಮಾಳಿಗೆಯಲ್ಲಿ ಗ್ಯಾಲರಿಯನ್ನು ಅದೇ ಉದ್ದದಲ್ಲಿ ಇಟ್ಟು, ಹಳೆಯ ಎಂಟು ಮನೆಗಳನ್ನು ಅದೇ ಸಾಲಿನಲ್ಲಿ ಕೂರಿಸಿ, ಮೆಟ್ಟಿಲನ್ನು ಅದೇ ತುದಿಗೆ ತಂದೆ. ಬಿಲ್ಡರ್ ನಕ್ಷೆ ನೋಡಿ, "ಮ್ಯಾಡಮ್, ಗ್ಯಾಲರಿ ಕೋ ಆಜ್‌ಕಲ್ ಕೌನ್ ಪೂಛತಾ ಹೈ? ಲಾಬಿ ಬೋಲೋ, ಲಾಬಿ" ಎಂದು ನಕ್ಕರು. ಹಳೆಯ ಬಾಡಿಗೆದಾರರೆಲ್ಲ ನನ್ನ ಬೆನ್ನಿಗೆ ನಿಂತದ್ದರಿಂದ ಅದು ಉಳಿಯಿತು.

ಎಲ್ಲರ ಮನೆಯೊಳಗೂ ನಲ್ಲಿ ಬಂತು, ಸಂಡಾಸು ಬಂತು. ಅದನ್ನು ನಾನು ಯಾವ ಕಾಲಕ್ಕೂ ತಪ್ಪು ಎನ್ನಲಾರೆ. ಪರೀಕ್ಷೆಯ ಬೆಳಿಗ್ಗೆ ತಂಬಿಗೆ ಹಿಡಿದು ಸಾಲಿನಲ್ಲಿ ನಿಂತ ಹುಡುಗಿ ನಾನು. ಗ್ಯಾಲರಿಯ ತುದಿಯ ಆ ನಲ್ಲಿಯನ್ನು ನಕ್ಷೆಯಿಂದ ಅಳಿಸಿದಾಗ ಸಂತೋಷವೇ ಆಗಿತ್ತು.

ಕಟ್ಟಡ ಏಳುವವರೆಗೆ ಮಾಮ ಮತ್ತು ಮಾಮಿ ಕಲ್ಯಾಣದ ಆಚೆಯ ಶಹಾಡ್‌ನಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದರು. ಎರಡು ವರ್ಷಕ್ಕೂ ಹೆಚ್ಚು. ಕಲ್ಯಾಣದಲ್ಲಿ ಕೆಲಸವಿದ್ದಾಗ ನಾನು ಹೋಗಿ ಬರುತ್ತಿದ್ದೆ. ಮಾಮ ಕಾರ್ಖಾನೆಗಳ ಕಡೆಗಿದ್ದ ಕಿಟಕಿಯ ಬಳಿ ಕೂತಿರುತ್ತಿದ್ದರು. "ಇಲ್ಲಿ ಗಾಳಿಗೇ ಒಗ್ಗರಣೆ ಹಾಕಿದ ಹಾಗೆ ವಾಸನೆ. ಯಾವ ಎಣ್ಣೆ ಅಂತ ಮಾತ್ರ ಗೊತ್ತಾಗುದಿಲ್ಲ," ಎನ್ನುತ್ತಿದ್ದರು. ಮತ್ತೆ, ಪ್ರತಿ ಸಲವೂ, "ಎಷ್ಟನೇ ಸ್ಲ್ಯಾಬ್ ಆಯ್ತು?"

ಗೃಹಪ್ರವೇಶವನ್ನು ಹಳೆಯ ಮನೆಗಳವರೆಲ್ಲ ಒಂದೇ ದಿನ ಇಟ್ಟುಕೊಂಡರು. ಎಲ್ಲ ಬಾಗಿಲಿಗೂ ತೋರಣ, ಎಲ್ಲರ ಮನೆಯಲ್ಲೂ ಜನ. ಆ ಗದ್ದಲದಲ್ಲಿ ಮಾಮ ತಮ್ಮ ಬಾಗಿಲಿನಿಂದ ಹೊರಟು, ಗ್ಯಾಲರಿಯುದ್ದಕ್ಕೂ ನಡೆದು, ಎಡಕ್ಕೆ ತಿರುಗಿ ಮೆಟ್ಟಿಲಿನ ಮೇಲೆ ಕಾಲಿಟ್ಟರು. ನಾನು ಹಿಂದೆಯೇ ಇದ್ದೆ. ಡೈರಿಯಲ್ಲಿ ಆ ದಿನ "ಸರಿಯಾಗಿದೆ" ಎಂದು ಬರೆದಿದ್ದೇನೆ, ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಮರುದಿನ ಬೆಳಿಗ್ಗೆ ಮಾಮ ಒಬ್ಬರೇ ಹೊರಟವರು ನಡುದಾರಿಯಲ್ಲಿ ನಿಂತುಬಿಟ್ಟರು. ನಾನು ಅಲ್ಲಿರಲಿಲ್ಲ, ಮಾಮಿ ಆಮೇಲೆ ಹೇಳಿದ್ದು. ಅವರು ಗೋಡೆ ತಡಕುತ್ತಾ ಯಾರದೋ ಬಾಗಿಲನ್ನು ಮುಟ್ಟಿದ್ದಾರೆ. ಅದು ಹಳೆಯ ಬಾಡಿಗೆದಾರರೊಬ್ಬರಿಂದ ಹೊಸದಾಗಿ ಮನೆ ಕೊಂಡ ಒಬ್ಬ ಹೆಂಗಸಿನ ಬಾಗಿಲು. ಅವಳು ಸೇಫ್ಟಿ ಡೋರಿನ ಜಾಲರಿಯ ಹಿಂದಿನಿಂದ, "ಅಂಕಲ್, ಕಿಸಕೇ ಘರ್ ಜಾನಾ ಹೈ?" ಎಂದು, ಯಾರ ಮನೆಗೆ ಹೋಗಬೇಕೆಂದು, ಕೇಳಿದಳಂತೆ. ಒಳ್ಳೆಯ ಹೆಂಗಸು. ಆಫೀಸಿಗೆ ಹೊರಡುವ ಅವಸರದಲ್ಲೂ ಹೊರಗೆ ಬಂದು, ಮಾಮನ ಕೈ ಹಿಡಿದು, ಎರಡು ಮನೆ ವಿಚಾರಿಸಿ, ಮಾಮಿಯ ಬಾಗಿಲಿಗೆ ತಂದು ಬಿಟ್ಟಳು.

ಆಮೇಲೆ ಮಾಮ ಹೋಟೆಲಿಗೆ ಹೋಗಲಿಲ್ಲ.

ನಾನು ಭಾನುವಾರ ಬಂದು ಟೇಪು ಹಿಡಿದೆ. ಉದ್ದ ಅಷ್ಟೇ ಇತ್ತು. ಇಂಚೂ ತಪ್ಪಿರಲಿಲ್ಲ. ಮಾಮಿ ಹೊಸಿಲಲ್ಲಿ ನಿಂತು ನೋಡುತ್ತಿದ್ದರು.

"ಎಂತ ಅಳೀತಿ?" ಎಂದರು.

"ಹತ್ತೊಂಬತ್ತು ಹೆಜ್ಜೆ ಸರಿಯಾಗಿ ಇದೆ ಮಾಮಿ. ಯಾಕೆ ತಪ್ಪಿತೋ ಗೊತ್ತಾಗ್ತಾ ಇಲ್ಲ."

"ಅವ್ರು ಜನ್ಮದಲ್ಲಿ ಹೆಜ್ಜೆ ಎಣಿಸಿದವ್ರಲ್ಲ. ನೀನು ಟೇಪು ಹಿಡ್ಕೊಂಡು ಕೇಳಿದಿ, ನಿನಗೆ ಬೇಜಾರಾಗ್ಬಾರ್ದು ಅಂತ ಎಣಿಸಿದ್ರು." ಮತ್ತೆ ಹೇಳಿದರು, "ಹಳೇ ಚಾಳಲ್ಲಿ ಎಲ್ಲರ ಬಾಗಿಲು ತೆಗೆದಿರ್ತಿತ್ತಲ್ಲ. ಊದಿನಕಡ್ಡಿ ವಾಸನೆ ಬಂದ್ರೆ ಅಜ್ಜಿಯ ಕೋಣೆ. ಹೊಲಿಗೆ ಮಿಷಿನ್ ಕೇಳಿದ್ರೆ ಅರ್ಧ ದಾರಿ. ಒಣ ಬೊಂಬಿಲ್ ಮೀನಿನ ವಾಸನೆಗೆ ಮೂಗು ಮುಚ್ಚಿದ್ರೆ ಇನ್ನೆರಡು ಬಾಗಿಲು. ನಲ್ಲಿ ಹತ್ರ ಬಕೆಟ್ಟಿನ ಸದ್ದು ಬಂದ್ರೆ ಮೆಟ್ಲು. ಇಲ್ಲಿ ಎಂತದುಂಟು? ಎಲ್ಲ ಮುಚ್ಚಿದ ಬಾಗಿಲು, ಒಂದೇ ಮರದ ವಾಸನೆ."

ಮಾಮಿ ಹೇಳಿದ್ದನ್ನೆಲ್ಲ ನಾನು ಹುಟ್ಟಿದಾಗಿನಿಂದ ಕೇಳಿದ್ದೆ, ಮೂಸಿದ್ದೆ. ಅಳತೆಗೆ ಬಂದ ದಿನ ಮಾಮನಿಗೆ ದಾರಿ ಹೇಳಿದ ಕಾಕುವನ್ನು ಸುಮ್ಮನಿರಿಸಿದವಳೂ ನಾನೇ.

ಬಿಲ್ಡರ್ ಹತ್ತಿರ ಜಗಳ ಮಾಡಿ ಗೋಡೆಯುದ್ದಕ್ಕೂ ಒಂದು ಸ್ಟೀಲಿನ ಹಿಡಿಕೆ ಹಾಕಿಸಿದೆ. ಮಾಮ ಅದನ್ನು ಸವರಿ, "ಲಾಯ್ಕುಂಟು," ಎಂದರು. ಉಪಯೋಗಿಸಲಿಲ್ಲ. ಹೋಟೆಲಿನವರು ಮೂರು ದಿನ ಡಬ್ಬಿಯಲ್ಲಿ ಸಾಂಬಾರು ಕಳಿಸಿದರು. ನಾಲ್ಕನೆಯ ದಿನ ಮಾಮ, "ಡಬ್ಬಿಯಲ್ಲಿ ಬಂದದ್ದಕ್ಕೆ ನಾನು ಎಂತ ಹೇಳುದು? ಅದು ಆಗಿ ಹೋದ ಸಾಂಬಾರು," ಎಂದು ಬೇಡವೆಂದರು.

ಕೊನೆಗೆ ನಾನು ಮನೆ ಮನೆಗೆ ಹೋಗಿ ಕೇಳಿಕೊಂಡೆ. ಬೆಳಿಗ್ಗೆ ಏಳರ ಹೊತ್ತಿಗೆ, ಹತ್ತು ನಿಮಿಷ, ಬಾಗಿಲು ತೆರೆದಿಡಿ. ಹಳೆಯವರು ಒಪ್ಪಿದರು. ಆ ಹೊಸ ಹೆಂಗಸೂ ಒಪ್ಪಿದಳು. ಒಂದು ಭಾನುವಾರ ನಿಜವಾಗಿ ಎಲ್ಲರೂ ತೆರೆದರು. ಅಜ್ಜಿಯ ಸೊಸೆ ಊದಿನಕಡ್ಡಿ ಹಚ್ಚಿದಳು. ಕಾಕು ಬೇಕೆಂದೇ ಬಕೆಟ್ಟಿನ ಸದ್ದು ಮಾಡಿದರು. ನಾನು ಮಾಮನ ಬಾಗಿಲಲ್ಲಿ ನಿಂತಿದ್ದೆ.

ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊಸಿಲಿಗೆ ಬಂದರು. ಕಿವಿಗೊಟ್ಟರು. ಮುಖ ಒಂದು ಸಲ ಬೆಳಗಿದ ಹಾಗೆ ನನಗೆ ನೆನಪು, ಆದರೆ ಅದನ್ನು ನಾನು ನಂಬುವುದಿಲ್ಲ. ನಾನು ಅದನ್ನು ನೋಡಲೆಂದೇ ಅಲ್ಲಿ ಹೋಗಿ ನಿಂತವಳು. ಆಮೇಲೆ ಮೆಲ್ಲಗೆ ಕೇಳಿದರು.

"ಎಲ್ಲರ ಬಾಗ್ಲೂ ತೆಗ್ದುಂಟು. ಯಾರು ಹೋದ್ರು?"

ಹೊಸ ಕಟ್ಟಡದಲ್ಲಿ ಅದುವರೆಗೆ ಎಲ್ಲ ಬಾಗಿಲೂ ಒಟ್ಟಿಗೆ ತೆರೆದದ್ದು ಗೃಹಪ್ರವೇಶ ಬಿಟ್ಟರೆ ಇನ್ನೊಂದೇ ಸಲ, ಮೇಲಿನ ಮಾಳಿಗೆಯ ಮುದುಕರು ತೀರಿಕೊಂಡ ದಿನ.

"ಯಾರೂ ಇಲ್ಲ ಮಾಮ. ನಿಮಗಾಗಿ ತೆರೆದದ್ದು."

ಮಾಮ ಹೊಸಿಲು ದಾಟಲಿಲ್ಲ. "ದಿನಾ ಹೀಗೆ ನನಗೋಸ್ಕರ ತೆಗೀಲಿಕ್ಕೆ ಹೇಳಿದ್ರೆ, ಅದೂ ಕೈ ಹಿಡಿದ ಹಾಗೇ ಅಲ್ವಾ ಮಗಾ?" ಎಂದರು. ಅಂಗಿಯ ಮೇಲಿನ ಗುಂಡಿ ಬಿಚ್ಚುತ್ತಾ ಒಳಗೆ ಹೋದರು. ಗ್ಯಾಲರಿಯಲ್ಲಿ ಒಂದೊಂದೇ ಬಾಗಿಲು ಮುಚ್ಚಿದ ಸದ್ದು ಕೇಳಿತು.

ಮಾಮ ತೀರಿಕೊಂಡು ಕೆಲವು ವರ್ಷಗಳಾದವು. ಮಾಮಿ ನವಿ ಮುಂಬಯಿಯಲ್ಲಿರುವ ತಮ್ಮನ ಮನೆಗೆ ಹೋದರು. ಆ ಬೆಳಿಗ್ಗೆಯ ಬಗ್ಗೆ ಒಮ್ಮೆ ಅವರನ್ನು ಕೇಳಿದೆ. "ಅವ್ರು ಹಾಗೆಲ್ಲ ಹೇಳ್ಲಿಲ್ಲ, ಮಂಡಿ ನೋವು ಅಂತ ಹೇಳಿ ಒಳಗೆ ಬಂದ್ರು," ಎಂದರು. ಡೈರಿಯಲ್ಲಿ ಆ ಭಾನುವಾರದ ಪುಟ ಖಾಲಿ ಇದೆ.

ಹೋದ ಸಲ ಆ ಕಟ್ಟಡಕ್ಕೆ ಹೋದಾಗ ಸ್ಟೀಲಿನ ಹಿಡಿಕೆಯ ಮೇಲೆ ಒದ್ದೆ ಕೊಡೆಗಳು, ಒಂದು ಕಾಲೊರೆಸು ಒಣಗುತ್ತಿದ್ದವು. ಗ್ಯಾಲರಿಯಲ್ಲಿ ಯಾರೂ ಇರಲಿಲ್ಲ. ಮಾಮನ ಬಾಗಿಲಿನಿಂದ ಮೆಟ್ಟಿಲಿನ ಕಡೆಗೆ ತಿರುಗಿ, ಕಣ್ಣು ಮುಚ್ಚಿಕೊಂಡು ನಡೆದೆ. ಎಣಿಸಬಾರದು ಎಂದುಕೊಂಡಿದ್ದರೂ ಎಣಿಸುತ್ತಿದ್ದೆ. ಏಳನೆಯ ಹೆಜ್ಜೆಗೆ ನಿಂತೆ. ಯಾರ ಬಾಗಿಲಿನ ಮುಂದೆ ಇದ್ದೇನೆ ಎಂದು ಗೊತ್ತಾಗಲಿಲ್ಲ.