ಕಣ ಬಿಟ್ಟು ಮನೆಗೆ ಬಂದ ಹೋರಿ

ನಾನು ಚಿಕ್ಕವಳಿದ್ದಾಗ ದೀಪಾವಳಿ ಎಂದರೆ ಪಟಾಕಿಗಿಂತ ಮೊದಲು ನಮ್ಮ ಹೋರಿಯೇ ನೆನಪಾಗುತ್ತಿತ್ತು. ಈಗಲೂ ನೆನಪಾಗುತ್ತದೆ ಮಕ್ಕಳೇ, ಜೊತೆಗೆ ಸಿಟ್ಟೂ ಬರುತ್ತದೆ.

ಹಲವಾಗಲಿನ ಹತ್ತಿರ ಹೊಳೆದಂಡೆಯ ಊರು ನಮ್ಮದು. ಹಬ್ಬಕ್ಕೆ ಅಲ್ಲಿ ಹೋರಿ ಬೆದರಿಸುತ್ತಿದ್ದರು. ಕೊರಳಿಗೆ ಒಣಕೊಬ್ಬರಿ ಸರ ಕಟ್ಟಿ, ಹಲಗೆ ಬಡಿದು, ಜನರ ನಡುವೆ ಓಡಿಸುವುದು. ಕೊಬ್ಬರಿ ಕಿತ್ತವನು ಶೂರ. ಕೀಳಲು ಬಿಡದೆ ಓಟದ ಕಣದ ತುದಿ ಮುಟ್ಟಿದರೆ ಹೋರಿ ಗೆದ್ದಂತೆ. ನಮ್ಮ ಹೋರಿಯನ್ನು ಸಾಕಿದವಳು ಅಕ್ಕ. ತಾಯಿ ಸತ್ತ ಕರುವಿಗೆ ಬಿದಿರಿನ ಗೊಟ್ಟದಲ್ಲಿ ಹಾಲು ಕುಡಿಸಿ ಬೆಳೆಸಿದ್ದಳು. ಹಿಂದಿನ ವರ್ಷ ಅದು ಕೊರಳ ಚರ್ಮ ಸುಲಿದುಕೊಂಡು ಬಂದಾಗ ಅವಳು ಊಟವನ್ನೇ ಮಾಡಿರಲಿಲ್ಲ.

"ಈ ಸಲ ಬಿಡಬ್ಯಾಡಪ್ಪಾ," ಎಂದು ಬೇಡಿಕೊಂಡಳು.

"ವರ್ಷ ಪೂರ್ತಿ ನಮಗ ದುಡಿಯೋ ಜೀವ. ಒಂದಿನ ಊರೆಲ್ಲ ಅದರ ಹೆಸರು ಹೇಳಬೇಕಲ್ಲ? ಅದು ಅದರ ಮರ್ಯಾದಿ," ಎಂದ ಅಪ್ಪ.

"ಬೆದರಿಸೋದು ಯಾವ ಸೀಮಿ ಮರ್ಯಾದಿ?"

ಅಪ್ಪ ಹೋರಿಯ ಕೊರಳ ಕಲೆ ಸವರಿದ. "ಈ ಸಲ ಗೆದ್ರ ಮತ್ತ ಯಾವತ್ತೂ ಬಿಡಂಗಿಲ್ಲ. ಆತಲ್ಲ?" ಎಂದ.

ಅಕ್ಕ ತಾನೇ ಹೋರಿಯ ಮೈ ತೊಳೆದು ಕೊಂಬಿಗೆ ಬಣ್ಣ ಬಳಿದಳು. ಕೈಯೆಲ್ಲ ಬಣ್ಣದ ವಾಸನೆ. ಹೆಣ್ಣುಮಕ್ಕಳು ಕಣದ ಹತ್ತಿರ ಸುಳಿಯುವಂತಿರಲಿಲ್ಲ, ಹಾಗಾಗಿ ನಾವಿಬ್ಬರೂ ದನದ ಕೊಟ್ಟಿಗೆಯಲ್ಲೇ ಕುಳಿತೆವು. ದೂರದಲ್ಲಿ ಹಲಗೆಯ ಸದ್ದು, ಆಮೇಲೆ ಜನರ ಕೂಗು. ಇದ್ದಕ್ಕಿದ್ದಂತೆ ಓಣಿಯಲ್ಲಿ ಧೂಳೆದ್ದಿತು. ನಮ್ಮ ಹೋರಿ! ಬಾಯಲ್ಲಿ ನೊರೆ, ಮೈಯೆಲ್ಲ ನಡುಕ. ನೇರ ಬಂದು ಅಕ್ಕನ ಮಡಿಲಿಗೆ ಮೂತಿ ಒತ್ತಿ ನಿಂತಿತು.

"ಗೆದ್ದೈತಿ! ಒಂದು ಕೊಬ್ಬರೀನೂ ಹೋಗಿಲ್ಲ ನೋಡಲೇ!" ಅಕ್ಕ ಕುಣಿದಾಡಿದಳು.

ಹಿಂದೆಯೇ ಬಂದ ಅಪ್ಪನ ಮುಖ ಬಿದ್ದುಹೋಗಿತ್ತು. "ನಡುವ ಕಣ ಬಿಟ್ಟು ಓಡಿಬಂದೈತಿ. ಹಿರೇರು ಸೋತೈತಿ ಅಂದ್ರು."

"ಮನಿಗೆ ಬಂದದ್ದು ಸೋಲು ಹೆಂಗ ಆಕ್ಕೈತಿ?" ಎಂದಳು ಅಕ್ಕ.

ಅಪ್ಪ ಹೋರಿಯನ್ನು ಗೂಟಕ್ಕೆ ಕಟ್ಟಿದ. ಊರವರ ಮಾತು ಮೀರುವ ಧೈರ್ಯ ಅವನಿಗಿರಲಿಲ್ಲ. ನನಗಂತೂ ಮೈಯೆಲ್ಲ ಉರಿದುಹೋಯಿತು. ಮರುವರ್ಷ ಹೋರಿಯನ್ನು ಮತ್ತೆ ಬಿಟ್ಟರು. ಅದು ಮನೆ ಕಡೆ ಓಡಬಾರದೆಂದು ನಮ್ಮ ಓಣಿಯ ಬಾಯಿಗೆ ಬಂಡಿಗಳನ್ನು ಅಡ್ಡ ನಿಲ್ಲಿಸಿದ್ದರು. ಸಂಜೆ ಅದು ಕುಂಟುತ್ತಾ ಬಂತು. ಅಕ್ಕ ಅಪ್ಪನ ಜೊತೆ ಎಷ್ಟೋ ದಿನ ಮಾತು ಬಿಟ್ಟಳು.

ಈಗ ನೀವು ಮೊಬೈಲಿನಲ್ಲಿ ಹೋರಿ ಓಟ ನೋಡುತ್ತೀರಿ. ಒಬ್ಬರು ಸಂಪ್ರದಾಯ ಅನ್ನುತ್ತೀರಿ, ಇನ್ನೊಬ್ಬರು ನಿಲ್ಲಿಸಬೇಕು ಅನ್ನುತ್ತೀರಿ, ತಟ್ಟೆಯಲ್ಲಿ ಅನ್ನ ಆರುವವರೆಗೂ ಜಗಳ. ಆಡಿ, ಬೇಡ ಅನ್ನುವುದಿಲ್ಲ. ಅಕ್ಕನಿಗೆ ಅಷ್ಟು ಮಾತಾಡಲೂ ಯಾರೂ ಬಿಡಲಿಲ್ಲ. ಆದರೆ ಆ ವಿಡಿಯೋದಲ್ಲಿ ಹೋರಿ ಅತ್ತಿತ್ತ ಕತ್ತು ತಿರುಗಿಸುತ್ತದಲ್ಲ, ಅದನ್ನು ನೀವು ಗತ್ತು ಅನ್ನುತ್ತೀರಿ. ನನಗೆ ಮಾತ್ರ ಅದು ಮನೆಯ ದಾರಿ ಹುಡುಕುತ್ತಿರುವಂತೆ ಕಾಣುತ್ತದೆ.