ಸೋಮವಾರ ಬಿಸಿಲಿಗಿಟ್ಟ ಡ್ಯಾಶ್‌ಬೋರ್ಡ್

ರೆಕ್ಸಿನ್ ಅಂಟಿಸುವ ಸೊಲ್ಯೂಷನ್ ಡಬ್ಬಿಯ ಮುಚ್ಚಳ ತೆಗೆದರೆ ಒಂದು ವಾಸನೆ ಬರುತ್ತದೆ. ಪಂಕ್ಚರ್ ಅಂಗಡಿಯ ಮುಂದೆ ನಿಂತವರಿಗೆಲ್ಲ ಅದು ಗೊತ್ತು. ಅಪ್ಪನ ಕಾಲದ ಅಂಬಾಸಿಡರ್ ಕಾರಿನ ಡ್ಯಾಶ್‌ಬೋರ್ಡಿನಲ್ಲಿ, ಸ್ಟೇರಿಂಗ್ ಬದಿಗೆ, ಹೊಸದೊಂದು ಬಿರುಕು ಕಾಣಿಸಿತೆಂದು ಮೊನ್ನೆ ನಾನೇ ಒಂದು ಡಬ್ಬಿ ತಂದು ಅಂಗಳದಲ್ಲಿ ಕೂತು ಮುಚ್ಚಳ ಎಬ್ಬಿಸಿದೆ. ವಾಸನೆ ಮೂಗಿಗೆ ಬಡಿದದ್ದೇ ತಡ, ಬಾಜೂ ಮನೆಯ ಕಾಕಾ ನೆನಪಾದರು. ನೆನಪಿನ ಜೊತೆಗೆ, ಎಂದಿನಂತೆ, ಮೊದಲು ಬಂದದ್ದು ಸಿಟ್ಟು. ಆ ಮನುಷ್ಯ ನನ್ನನ್ನು ಸತಾಯಿಸಿದ್ದು ಅಷ್ಟಿಷ್ಟಲ್ಲ.

ಕಾಕಾ ಬಸ್ ಡಿಪೋದಲ್ಲಿ ಮೂವತ್ತು ವರ್ಷ ಸೀಟು ಹೊಲಿದವರು. ಬ್ಲೇಡಿನಿಂದ ಕೊಯ್ದ ಗಾದಿ, ಹೆಸರು ಕೆತ್ತಿಸಿಕೊಂಡ ಬೆನ್ನು, ಎಲೆಅಡಿಕೆ ಉಗುಳಿಸಿಕೊಂಡ ಮೂಲೆ... ಜನ ಬಸ್ಸಿಗೆ ಏನೇನು ಮಾಡಬಲ್ಲರು ಎಂಬುದನ್ನು ಅವರಷ್ಟು ಬಲ್ಲವರಿಲ್ಲ. ನಿವೃತ್ತರಾಗಿ ನಮ್ಮೂರು ಮೊರಬಕ್ಕೆ ಬಂದ ಮೇಲೂ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಊರಿನ ಅರ್ಧ ಟ್ರ್ಯಾಕ್ಟರ್ ಸೀಟುಗಳು ಅವರವೇ.

ಒಂಬತ್ತು ವರ್ಷಗಳ ಹಿಂದೆ ನಮ್ಮ ಕಾರಿನ ಡ್ಯಾಶ್‌ಬೋರ್ಡ್ ಈ ತುದಿಯಿಂದ ಆ ತುದಿಗೆ ಬಿರಿಯಿತು. ಬೇಸಿಗೆಯಲ್ಲಿ ನಮ್ಮ ಕಪ್ಪು ಮಣ್ಣಿನ ಎರಿ ಹೊಲ ಬಿಡುತ್ತದಲ್ಲ, ಅಂಥ ಬಿರುಕು. ಹುಬ್ಬಳ್ಳಿಗೆ ಒಯ್ದು ಸರಿಮಾಡಿಸುತ್ತೇನೆಂದು ಅವ್ವನ ಮುಂದೆ ನಾನು ಅಂದದ್ದು ಗೋಡೆಯಾಚೆ ಹೇಗೆ ಕೇಳಿಸಿತೋ, ಕಾಕಾ ಬಂದು ನಿಂತರು.

"ಹುಬ್ಬಳ್ಳಿಗೆ ಯಾಕ ಒಯ್ಯತೀ ತಮ್ಮಾ? ಮನ್ಯಾಗ ಮಾಡೂಣು. ನಾಕ ದಿನದ ಕೆಲಸ ಅದು."

ಸಂಕ್ರಮಣ ಕಳೆದು ಶುರುವಾದ ಆ ನಾಲ್ಕು ದಿನ ಮುಗಿದದ್ದು ನಾಗರ ಪಂಚಮಿಗೆ.

ಡ್ಯಾಶ್‌ಬೋರ್ಡನ್ನು ಬಿಚ್ಚಿ ನಮ್ಮ ಪಡಸಾಲೆಗೆ ತಂದಿಟ್ಟರು. ಕಾರಿನ ಮುಂಭಾಗದಲ್ಲಿ ವೈರುಗಳು ಕರುಳಿನಂತೆ ಜೋತುಬಿದ್ದವು. ಮೊದಲು ಅವರು ಮಾಡಿದ್ದೇನು? ಬಿರುಕನ್ನು ಮುಚ್ಚುವುದು ಬಿಟ್ಟು ಚಾಕುವಿನಿಂದ ಇನ್ನಷ್ಟು ಅಗಲ ಮಾಡಿದ್ದು. ಅದರ ಎರಡೂ ತುದಿಗೆ ಒಂದೊಂದು ತೂತು ಕೊರೆದದ್ದು. ಯಾಕೆಂದು ಕೇಳಿದೆ. ತೂತಿಲ್ಲದಿದ್ದರೆ ಬಿರುಕು ಮುಂದೆ ಓಡುತ್ತದಂತೆ, ಬಾಯಿ ಅಗಲವಿಲ್ಲದಿದ್ದರೆ ಅಂಟು ಒಳಗೆ ಇಳಿಯುವುದಿಲ್ಲವಂತೆ. ಆಮೇಲೆ ಎರಡು ಟ್ಯೂಬಿನ ಅಂಟನ್ನು ಹಿಟ್ಟಿನ ಹಾಗೆ ಕಲಸಿ, ದೋಸೆಗಿಂತ ತೆಳ್ಳಗೆ ಒಂದು ಪದರ. ಅದು ಒಣಗಬೇಕು. ಒಣಗಬೇಕಾದದ್ದು ನೆರಳಿನಲ್ಲಿ. ಒಣಗಿದ ಮೇಲೆ ಉಜ್ಜಬೇಕು, ಉಜ್ಜಿದ ಮೇಲೆ ಬೆರಳಿನಿಂದ ಸವರಿ ಸವರಿ ನೋಡಬೇಕು, ನೋಡಿ ಮುಖ ಸಿಂಡರಿಸಬೇಕು, ಮತ್ತೆ ಒಂದು ಪದರ.

ಇಷ್ಟಾದರೆ ತಡೆದುಕೊಳ್ಳಬಹುದಿತ್ತು. ನಾನು ಕೆಲಸ ಮಾಡುತ್ತಿದ್ದ ಹುಬ್ಬಳ್ಳಿಯ ಪಂಪಿನ ಅಂಗಡಿಗೆ ವಾರದ ರಜೆ ಸೋಮವಾರ. ಕೈಗೆ ಕೈ ಜೋಡಿಸಿ ಬೇಗ ಮುಗಿಸೋಣವೆಂದರೆ ನನಗಿದ್ದದ್ದು ಅದೊಂದೇ ದಿನ. ಕಾಕಾ ಸೋಮವಾರ ಮಾತ್ರ ಗಾಡಿಗೆ ಕೈ ಹಚ್ಚುತ್ತಿರಲಿಲ್ಲ.

"ಸೋಮವಾರ ಎತ್ತು ಹೂಡ್ತಾರೇನು? ಬಸವಣ್ಣನ ದಿನ ಅದು."

"ಎತ್ತಿಗೆ ಸೋಮವಾರ ಖರೇ ರೀ ಕಾಕಾ. ಇದು ಕಾರ್ ಐತಲ್ರಿ."

"ನಿಮ್ಮಪ್ಪನ್ನ ಇಪ್ಪತ್ತ ವರ್ಷ ಎಳದೈತಿಲ್ಲೋ? ಎಳಿಯೂದೆಲ್ಲಾ ಎತ್ತ."

ಇದಕ್ಕೆ ಏನು ಹೇಳುತ್ತೀರಿ? ಡಿಪೋದಲ್ಲಿದ್ದಾಗ ಸೋಮವಾರ ಏನು ಮಾಡುತ್ತಿದ್ದರೆಂದು ಕೇಳಿದರೆ, ಸರ್ಕಾರದ ಎತ್ತಿನ ಪಾಪ ಸರ್ಕಾರಕ್ಕೆ ಎನ್ನುತ್ತಿದ್ದರು. ಆ ದಿನ ಬೆಳಿಗ್ಗೆ ಮಠಕ್ಕೆ ಹೋದರೆ ತಿರುಗಿ ಬರುವುದು ಸಂಜೆ ದೀಪ ಹಚ್ಚುವ ಹೊತ್ತಿಗೆ.

ಫೆಬ್ರುವರಿ ಮುಗಿಯುವ ಹೊತ್ತಿಗೆ ಕಾಕೂ ಒಂದು ದಿನ ಹಿತ್ತಲ ಬಾಗಿಲಿನಿಂದ ನಮ್ಮ ಮನೆಗೆ ಬಂದರು. ಕಾಕಾನ ಹೆಂಡತಿ ಹಾಗೆ ಬರುವುದು ಅಪರೂಪ. ಊರಿಗೆ ಬಂದಿದ್ದ ಕಣ್ಣಿನ ಡಾಕ್ಟರು ಕಾಕಾನ ಕಣ್ಣು ನೋಡಿದ್ದರಂತೆ. ಬಲಗಣ್ಣಿನಲ್ಲಿ ಒತ್ತಡ ಏರಿದೆ, ಬೇಗ ಹುಬ್ಬಳ್ಳಿಗೆ ಬಂದು ಆಪರೇಷನ್ ಮಾಡಿಸಿಕೊಳ್ಳಿ, ಇದರಲ್ಲಿ ಹೋದ ದೃಷ್ಟಿ ತಿರುಗಿ ಬರುವುದಿಲ್ಲ ಎಂದು ಹೇಳಿದ್ದರಂತೆ.

"ನಿಂದು ಆ ಡ್ಯಾಶ್‌ಬೋರ್ಡ ಮುಗಿಯೂತನಕ ಹೋಗಂಗಿಲ್ಲ ಅಂತ ಕುಂತಾರ ನೋಡೋ ತಮ್ಮಾ. ನೀನರ ಹೇಳು."

ಹೇಳಿದೆ. ಬೇಡಿಕೊಂಡೆ. ಡ್ಯಾಶ್‌ಬೋರ್ಡ್ ಹಾಳಾಗಿ ಹೋಗಲಿ, ನಾಳೆಯೇ ನಡೆಯಿರಿ ಎಂದೆ. ಉಳಿದದ್ದನ್ನು ಹುಬ್ಬಳ್ಳಿಯಲ್ಲಿ ಮಾಡಿಸುತ್ತೇನೆ ಎಂದೆ, ಅದಕ್ಕಂತೂ ಅವರ ಮುಖ ಇಷ್ಟು ಸಣ್ಣದಾಯಿತು. ಕೊನೆಗೆ ಒಂದು ಮಾತು ಹೊರಬಿತ್ತು. ನಿವೃತ್ತಿಯ ದಿನ ಅವರ ಕೈಯಲ್ಲಿ ಒಂದು ಸೀಟು ಅರ್ಧ ಹೊಲಿದಿತ್ತಂತೆ. ಇನ್ನೊಂದು ತಾಸು ಕೊಡಿ ಎಂದರೂ ಕೇಳದೆ, ಹೊರಗೆ ಎಲ್ಲರೂ ಕಾಯುತ್ತಿದ್ದಾರೆಂದು ಕೈಯಿಂದ ಸೂಜಿ ಕಸಿದುಕೊಂಡು, ಹಾರ ಹಾಕಿ, ಫೋಟೋ ತೆಗೆದು ಕಳಿಸಿದರಂತೆ.

"ಆ ಸೀಟು ಯಾಂವ ಮುಗಿಸಿದ್ನೋ ಏನೋ. ಇನ್ನೊಮ್ಮೆ ಅರ್ಧಾ ಕೆಲಸ ಬಿಟ್ಟು ಏಳೂದಿಲ್ಲಪಾ ನಾ."

ಅವತ್ತು ನನಗೆ ಕನಿಕರ ಬರಬೇಕಿತ್ತು. ತಲೆ ಚಿಟ್ಟು ಹಿಡಿಯಿತು, ಅಷ್ಟೇ. ಸೀಟು ಯಾವುದು, ಕಣ್ಣು ಯಾವುದು! ಒಬ್ಬ ಮನುಷ್ಯನಿಗೆ ಇವೆರಡರ ಫರಕು ತಿಳಿಯದಿದ್ದರೆ ಯಾವ ಬಾಯಿಂದ ತಿಳಿಸುವುದು?

ಏಪ್ರಿಲ್‌ನಲ್ಲಿ ಒಂದೇ ಒಂದು ಪದರ ಉಳಿದಿತ್ತು. ಅದು ಒಣಗಿದರೆ ಮೇಲೆ ರೆಕ್ಸಿನ್ ಅಂಟಿಸುವುದು, ಎರಡು ದಿನದ ಕೆಲಸ. ಅಂಥದ್ದರಲ್ಲಿ ಸೋಮವಾರ ಬಂತು. ಕಾಕಾ ಮಠಕ್ಕೆ ಹೋದರು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ, ಆದರೆ ಆತುರಗಾರನಿಗೆ ಅದು ಆಗ ತಿಳಿಯುವುದಿಲ್ಲ. ಆ ಪದರವನ್ನು ನಾನೇ ಕಲಸಿ ದಪ್ಪಗೆ ಮೆತ್ತಿದೆ. ಡ್ಯಾಶ್‌ಬೋರ್ಡನ್ನು ಮಾಳಿಗೆಗೆ ಹೊತ್ತು, ಅವ್ವ ಒಣಹಾಕಿದ್ದ ಸಂಡಿಗೆಯ ಪಕ್ಕದಲ್ಲೇ ಇಟ್ಟೆ. ನಮ್ಮ ಊರಿನಲ್ಲಿ ಒಣಗಬೇಕಾದದ್ದೆಲ್ಲ ಒಣಗುವುದು ಅಲ್ಲೇ. ಮೆಣಸಿನಕಾಯಿ ಒಣಗುತ್ತದೆ, ಹಪ್ಪಳ ಒಣಗುತ್ತದೆ, ಇದಕ್ಕೇನು ದಾಡಿ? ಸಂಜೆ ಕಾಕಾ ಬಂದರೆ, ಮುಗೀತ್ರಿ, ನಡೀರಿ ದವಾಖಾನಿಗೆ ಅನ್ನುವುದು ನನ್ನ ಲೆಕ್ಕಾಚಾರ.

ಸಂಜೆ ಹೋಗಿ ನೋಡಿದರೆ ಸಂಡಿಗೆ ಗರಿಗರಿಯಾಗಿದ್ದವು. ಡ್ಯಾಶ್‌ಬೋರ್ಡ್ ಒಣ ರೊಟ್ಟಿಯಂತೆ ಸೊಟ್ಟಗಾಗಿತ್ತು. ಕಾಕಾ ಮೂರು ತಿಂಗಳು ತುಂಬಿದ್ದ ಪದರಗಳೆಲ್ಲ ಎದ್ದು, ಬಿರುಕು ಮೊದಲಿಗಿಂತ ಅಗಲಕ್ಕೆ ಬಾಯಿ ಬಿಟ್ಟಿತ್ತು.

ಮರುದಿನ ಬೆಳಿಗ್ಗೆ ಕಾಕಾ ಬಂದು ಅದರ ಮೇಲೆ ಬೆರಳಾಡಿಸಿದರು. ಕಣ್ಣಿನಿಂದ ನೋಡಲಿಲ್ಲ, ಬೆರಳಿನಿಂದಲೇ ನೋಡಿದರು.

"ಬಿಸಲಿಗೆ ಇಟ್ಟಿದ್ದೇನು?"

"ಹೌದ್ರಿ."

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. "ಹೋಗ್ಲಿ ಬಿಡು, ಮೊದಲಿಂದ ಹಿಡಿಯೂಣು" ಎಂದು ಡ್ಯಾಶ್‌ಬೋರ್ಡನ್ನು ಹೆಗಲಿಗೇರಿಸಿಕೊಂಡು ತಮ್ಮ ಮನೆಗೆ ಒಯ್ದರು. ನಾನು ಅವರ ಹಿಂದೆಯೇ ಹೋಗಿ, ಅದನ್ನು ಬಿಟ್ಟು ಮೊದಲು ದವಾಖಾನೆಗೆ ನಡೆಯಿರಿ ಎಂದು ಕೂಗಾಡಿದೆ. ತಪ್ಪು ನನ್ನದು, ಕೂಗಾಡಿದ್ದೂ ನಾನೇ. ಮುಗಿಯುವವರೆಗೆ ನಮ್ಮ ಮನೆಗೆ ಅದು ಬರಲೇ ಇಲ್ಲ. ಬಿಸಿನೀರಿನ ಬಟ್ಟೆ ಹಾಕಿ ಹಾಕಿ ಸೊಟ್ಟ ತೆಗೆದರಂತೆ, ಮತ್ತೆ ಕೊರೆದರಂತೆ, ಮತ್ತೆ ಪದರ ಪದರ... ಮೂರು ತಿಂಗಳು. ಕಣ್ಣಿಗೆ ಔಷಧದ ಹನಿ ಬಿಟ್ಟುಕೊಳ್ಳುತ್ತಿದ್ದರು, ಮರೆತಾಗ ಮರೆಯುತ್ತಿದ್ದರು. ನಾನು ಸಿಟ್ಟಿನಲ್ಲಿ ಆ ಕಡೆ ಹಾಯುವುದನ್ನೇ ಬಿಟ್ಟಿದ್ದೆ.

ಪಂಚಮಿಯ ಉಂಡಿ ತಿನ್ನುವ ದಿನಗಳಲ್ಲಿ ತಂದು ಜೋಡಿಸಿದರು. ಹುಡುಕಿದರೂ ಬಿರುಕು ಎಲ್ಲಿತ್ತೆಂದು ಸಿಗಲಿಲ್ಲ. ಹೊಗಳಬೇಕಿತ್ತು. "ಈಗರ ಹೋಗೂಣೇನ್ರಿ?" ಎಂದೆ.

ಕಾರು ಮೊದಲು ಓಡಿದ್ದು ಹುಬ್ಬಳ್ಳಿಯ ಕಣ್ಣಿನ ದವಾಖಾನೆಗೆ. ಡಾಕ್ಟರು ಬಹಳ ಹೊತ್ತು ನೋಡಿದರು. ಬಲಗಣ್ಣು ಹೋಗಿತ್ತು. ಎಡಗಣ್ಣನ್ನು ಉಳಿಸಿಕೊಳ್ಳಬಹುದು ಎಂದರು. ಎರಡು ಮೂರು ತಿಂಗಳು ಮೊದಲೇ ಬಂದಿದ್ದರೆ ಎಂದು ಅವರು ಶುರುಮಾಡಿದ ಮಾತನ್ನು ನಾನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಲೆಕ್ಕ ನನಗೇ ಬರುತ್ತಿತ್ತು. ಆ ಸೋಮವಾರ ನಾನು ತೆಪ್ಪಗಿದ್ದಿದ್ದರೆ ಕಾಕಾ ಏಪ್ರಿಲ್‌ನಲ್ಲೇ ಆ ಕುರ್ಚಿಯಲ್ಲಿ ಕೂತಿರುತ್ತಿದ್ದರು.

ಬರುವಾಗ ಅವರು ಮುಂದಿನ ಸೀಟಿನಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದರು. "ಒಂದ ಐತೆಲ್ಲೋ, ಸಾಕು ಬಿಡು" ಎಂದರು. ಅಷ್ಟೇ. ಬಿಸಿಲಿಗಿಟ್ಟ ಮಾತನ್ನು ಅವತ್ತೂ, ಆಮೇಲಿನ ವರ್ಷಗಳಲ್ಲೂ ನಾನು ಎತ್ತಲಿಲ್ಲ. ಇವರ ಹಟವೇ ಇವರ ಕಣ್ಣು ತಿಂದಿತು ಎಂದುಕೊಂಡೆ. ಹಾಗೆ ಅಂದುಕೊಂಡರೆ ನನಗೆ ನಿದ್ದೆ ಬರುತ್ತಿತ್ತು. ಗೋಡೆಯಾಚೆಯಿಂದ ಕಾಕೂ ಬೈಯುವುದು ಕೇಳಿಸುತ್ತಿತ್ತು. ಕಾಕಾ ನೀರಿನ ಚರಿಗೆ ಎಡವಿದರೆ, ಹೊಸ್ತಿಲಲ್ಲಿ ಮುಗ್ಗರಿಸಿದರೆ, "ಕೈಯಾರ ಕಣ್ಣು ಕಳಕೊಂಡ್ರಿ, ಈಗ ಅನುಭವಿಸ್ರಿ" ಎಂಬ ಮಾತು. ಹಟಕ್ಕಾಗಿ ಬೈಯುತ್ತಿದ್ದಾರೆ, ಸರಿಯಾಗೇ ಇದೆ ಎಂದುಕೊಳ್ಳುತ್ತಿದ್ದೆ.

ಕಾಕಾ ಹೋದ ವರ್ಷ ಶ್ರಾವಣದಲ್ಲಿ ತೀರಿಕೊಂಡರು.

ಮೊನ್ನೆ ಸೊಲ್ಯೂಷನ್ ಡಬ್ಬಿ ತೆರೆದ ಮೇಲೆ ನನಗೆ ಸಣ್ಣ ಚಾಕು ಬೇಕಾಯಿತು. ಬಾಜೂ ಮನೆಗೆ ಹೋಗಿ ಕಾಕಾನ ಹತಾರಗಳು ಇವೆಯೇ ಎಂದು ಕೇಳಿದೆ. ಕಾಕೂ ಒಳಗಿನಿಂದ ಖಾಕಿ ಚೀಲವೊಂದನ್ನು ತಂದು ಕೊಡುತ್ತಾ ಹೇಳಿದರು.

"ಏನರ ಮಾಡ್ಕೋ, ಅದನ್ನ ಬಿಸಲಿಗೆ ಮಾತ್ರ ಇಡಬ್ಯಾಡಪಾ. ಅವತ್ತ ಅವರು ಗಡಿಬಿಡಿ ಮಾಡಿ ಬಿಸಲಿಗೆ ಇಟ್ಟು ಕೆಡಿಸ್ಕೊಂಡು ಬಂದ್ರಲ್ಲ, ಅದಕ್ಕ ಮತ್ತ ಮೂರು ತಿಂಗಳು ಹೋತು. ಕಣ್ಣೂ ಅದಕ್ಕ ಹೋತು."

"ಯಾರು ಹೇಳಿದ್ರು ರೀ?"

"ಅವರ ಹೇಳಿದ್ರು. ನಂದ ತಪ್ಪು, ಗಡಿಬಿಡಿ ಮಾಡಿದೆ ಅಂತ."

ಗಡಿಬಿಡಿ! ನಾಲ್ಕು ದಿನದ ಕೆಲಸಕ್ಕೆ ಅರ್ಧ ವರ್ಷ ತೆಗೆದುಕೊಂಡ ಮನುಷ್ಯ, ಜೀವಮಾನದಲ್ಲಿ ಒಮ್ಮೆಯೂ ಗಡಿಬಿಡಿ ಮಾಡಿ ಗೊತ್ತಿಲ್ಲದ ಮನುಷ್ಯ, ನನ್ನದನ್ನು ಎತ್ತಿಕೊಂಡು ತನ್ನದೆಂದು ಮನೆಯಲ್ಲಿ ಹೇಳಿದ್ದರು. ಎಂಟು ವರ್ಷ ಅದರ ಬೈಗುಳ ತಿಂದಿದ್ದರು. ನಾನು ಗೋಡೆಯ ಈಚೆ ಕೂತು ಕೇಳಿದ್ದೆ.

ಚೀಲ ತೆಗೆದುಕೊಂಡು ಬಂದುಬಿಡಬಹುದಿತ್ತು. ಬರಲಿಲ್ಲ.

"ಕಾಕೂ, ಬಿಸಲಿಗೆ ಇಟ್ಟಾಂವ ನಾ ರೀ. ಅವರಲ್ಲ. ಅವರು ಅವತ್ತ ಮಠದಾಗಿದ್ರು."

ಕಾಕೂ ನನ್ನ ಮುಖ ನೋಡಿದರು. ಕಟ್ಟೆಯ ಮೇಲೆ ಮೆಲ್ಲಗೆ ಕೂತರು. ನನ್ನನ್ನು ಬೈಯುತ್ತಾರೆಂದು ಕಾದೆ, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಕೊಟ್ಟ ಚೀಲವನ್ನು ನನ್ನ ಕೈಯಿಂದ ತಿರುಗಿ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡರು.

"ಹಂಗಾರ ನಾ ಅವರಿಗೆ ಬೈದದ್ದೆಲ್ಲಾ...?"

ಕಾಕಾನ ಮೇಲೆ ಮತ್ತೆ ವಿಪರೀತ ಸಿಟ್ಟು ಬಂತು. ಒಂದು ಸಲ ನನ್ನ ಹೆಸರು ಹೇಳಿದ್ದರೆ ಏನಾಗುತ್ತಿತ್ತು ಈ ಮನುಷ್ಯನಿಗೆ? ಈಗ ನಾವಿಬ್ಬರೂ ಅವರಿಗೆ ತಪ್ಪಾಯಿತೆನ್ನಬೇಕು. ಅನ್ನೋಣವೆಂದರೆ ಕಾಕಾ ಇಲ್ಲ.