ಬಾಗಿಲಿಗೆ ಬಂದ ಮಾನಿಟರ್

ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು ಕಣ್ಣಿಲ್ಲದೆ. ಅಂದರೆ ಮಾನಿಟರ್ ಇಲ್ಲದೆ. ಬೇಕಂತಲೇ ಹಾಗೆ ತಂದವಳು ನಾನು. ನನ್ನ ಹಟ ಎಂಥದ್ದು ಅನ್ನುವುದು ಕೊಳ್ಳೇಗಾಲದ ನಮ್ಮ ಬೀದಿಗೆಲ್ಲ ಗೊತ್ತು.

ಅಪ್ಪ ರೇಷ್ಮೆ ಸೀರೆ ನೇಯುವವನು. ಆ ಸೀರೆಯ ಅಂಚು, ಸೆರಗಿಗೆ ಚಿತ್ರ ಬರೆಯುವವಳು ನಾನು. ಚೌಕುಳಿ ಹಾಳೆಯ ಮೇಲೆ ಒಂದೊಂದೇ ಮನೆ ತುಂಬಿಸಿ ತುಂಬಿಸಿ ಕತ್ತು ಹಿಡಿದುಹೋಗಿತ್ತು. ಕಂಪ್ಯೂಟರಿನಲ್ಲಾದರೆ ತಪ್ಪಿದ್ದನ್ನು ಅಳಿಸಬಹುದು, ಬಣ್ಣ ಬದಲಾಯಿಸಿ ನೋಡಬಹುದು. ಆದರೆ ಯಾರೋ ಜೋಡಿಸಿಟ್ಟ ಡಬ್ಬ ನನಗೆ ಬೇಡ. ಒಂದೊಂದು ಭಾಗವನ್ನೂ ನಾನೇ ಆರಿಸಬೇಕು. ವಿಡಿಯೋ ನೋಡಿ ನೋಡಿ ಊಟಕ್ಕೆ ಕೂತರೂ ಪ್ರೊಸೆಸರ್, ಮದರ್‌ಬೋರ್ಡ್ ಅಂತ ಅದೇ ಜಪ.

"ಮದ್ವೆಗೆ ಗಂಡು ನೋಡುವಾಗ್ಲೂ ಯಾರೂ ಇಷ್ಟು ಇಚಾರ್ಸಕಿಲ್ಲ ಕಣವ್ವ," ಅಂದಳು ಅವ್ವ.

"ಗಂಡಿಗೆ ವಾರಂಟಿ ಕೊಡಲ್ವಲ್ಲವ್ವ, ಇದ್ಕೆ ಕೊಡ್ತರೆ," ಅಂದೆ.

ಹೀಗೆ ನಗುತ್ತಿದ್ದರೂ ಮನೆಯಲ್ಲಿ ಒಂದು ಚಿಂತೆ ಇತ್ತು. ನಮ್ಮಲ್ಲಿ ಬಣ್ಣ ಹಾಕಿಸಿ ತಂದ ರೇಷ್ಮೆ ನೂಲಿನ ಲಡಿಯನ್ನು ಟ್ಯೂಬ್‌ಲೈಟಿನ ಕೆಳಗೆ ಯಾರೂ ಒಪ್ಪುವುದಿಲ್ಲ. ಬಾಗಿಲಿಗೆ ತಂದು ಹಗಲು ಬೆಳಕಿಗೆ ಹಿಡಿದು ನೋಡಬೇಕು. ಅಕ್ಕಪಕ್ಕದವರೂ ತಮ್ಮ ಲಡಿ ಹಿಡಿದುಕೊಂಡು ನಮ್ಮ ಬಾಗಿಲಿಗೇ ಬರುತ್ತಿದ್ದರು. ಅಪ್ಪ "ಊಂ" ಅಂದ ಮೇಲೆಯೇ ಅದು ಮಗ್ಗಕ್ಕೆ ಏರುತ್ತಿತ್ತು. ಅಂಥ ಅಪ್ಪ ಹೋದ ವರ್ಷ ನವಿಲುಗತ್ತಿನ ನೀಲಿ ಸೀರೆಯೊಂದರ ಅರ್ಧ ಒಡಲಿಗೆ ಹಸಿರು ಬೆರೆತ ನೂಲು ಹಾಕಿ ನೇದುಬಿಟ್ಟ. ಕೊಳ್ಳಲು ಬಂದವರು ಅದನ್ನು ಮುಟ್ಟಲಿಲ್ಲ. ಬಣ್ಣ ಹಾಕಿದವನದೇ ತಪ್ಪು ಅಂತ ಅಪ್ಪ ಕೂಗಾಡಿದ. "ನಂಗೆ ಇದೇ ಚೆಂದ," ಅಂತ ಅವ್ವ ಆ ಸೀರೆಯನ್ನು ತಾನೇ ಉಟ್ಟುಕೊಂಡಳು. ಅವನ ಕಣ್ಣಿಗೆ ಪೊರೆ ಬಂದಿದೆ ಅಂತ ನಮ್ಮಿಬ್ಬರಿಗೂ ಗೊತ್ತಿತ್ತು. ಆಸ್ಪತ್ರೆ ಅಂದರೆ ಸಾಕು, ಅಪ್ಪ ಎದ್ದು ಮಗ್ಗದ ಗುಂಡಿಗೆ ಇಳಿದುಬಿಡುತ್ತಿದ್ದ.

ಕಂಪ್ಯೂಟರ್ ಅಂಗಡಿಗೆ ಅಪ್ಪನನ್ನೂ ಕರೆದುಕೊಂಡು ಹೋದೆ. ಅಂಗಡಿಯವರು ಬಣ್ಣಬಣ್ಣದ ದೀಪ ಮಿನುಗುವ ಕ್ಯಾಬಿನೆಟ್ ಮುಂದಿಟ್ಟರು. "ಇದೇನ್ ಸಾ, ದೀಪಾವಳಿಗಾ?" ಅಂದ ಅಪ್ಪ. ಸಾದಾ ಕಪ್ಪು ಡಬ್ಬ ತೆಗೆದುಕೊಂಡೆವು. ಪವರ್ ಸಪ್ಲೈ ಅಗ್ಗದ್ದೇ ಸಾಕು ಅಂತ ಅವರು ಹೇಳಿದಾಗ ನನಗೆ ರೇಗಿತು. ಕರೆಂಟು ಹೋಗಿ ಬಂದು ಮಾಡುವ ಊರಲ್ಲಿ ಅದೊಂದು ಸುಟ್ಟರೆ ಜೊತೆಗೆ ಇನ್ನೇನೇನು ಸುಡುತ್ತದೋ! ಒಳ್ಳೆಯದನ್ನೇ ತೆಗೆಸಿದೆ. ರ‍್ಯಾಮ್ ವಿಷಯಕ್ಕೆ ಬಂದಾಗ ಅಪ್ಪನೇ, "ಕಮ್ಮಿ ಮಾಡ್ಬ್ಯಾಡ, ಇನ್ನೊಂದ್ ಆಕ್ಸು," ಅಂದ. ಅದೇನು ಅಂತ ಅವನಿಗೆ ಗೊತ್ತಿರಲಿಲ್ಲ, ಮಗಳಿಗೆ ಯಾವುದೂ ಕಮ್ಮಿಯಾಗಬಾರದು ಅಷ್ಟೇ.

ಕೊನೆಗೆ ಮಾನಿಟರ್. ಅಪ್ಪ ಹೆಗಲ ಟವಲಿನ ಮಡಿಕೆಯಿಂದ ನೀಲಿ ಲಡಿಯೊಂದನ್ನು ಹೊರತೆಗೆದ.

"ಸಾ, ಇದ್ನ ಒಸಿ ಬಾಗ್ಲಿಗೆ ತಕಬನ್ನಿ."

"ಮಾನಿಟರ್‌ನಾ? ಬಿಸಿಲಿಗಾ?"

"ಬಣ್ಣ ನೋಡ್ಬೇಕಲ್ಲ ಸಾ."

ಪಾಪ, ಅವರು ಉದ್ದದ ವೈರ್ ಎಳೆದು ಬಾಗಿಲಿಗೆ ತಂದೇ ತಂದರು. ನಾನೂ ನೇಕಾರರ ಮನೆಯವಳೇ, ಅದು ಸರಿ ಅಂತಲೇ ನಿಂತಿದ್ದೆ. ಬಿಸಿಲು ಬಿದ್ದದ್ದೇ ತಡ, ಪರದೆಯ ಬಣ್ಣವೆಲ್ಲ ತೊಳೆದುಹೋಯಿತು. "ಮಂಕು ಕಣವ್ವ ಇದು," ಅಂದ ಅಪ್ಪ. ಬಟ್ಟೆ ಬಿಸಿಲಲ್ಲಿ ಚೆನ್ನಾಗಿ ಕಾಣುತ್ತದೆ, ಸ್ಕ್ರೀನ್ ನೆರಳಲ್ಲಿ ಕಾಣುತ್ತದೆ ಅಂತ ಅಂಗಡಿಯವರು ನಗುತ್ತ ವಿವರಿಸಿದರು. ನಾವೂ ನಕ್ಕು ಒಳಗೆ ಹೋದೆವು.

ಒಳಗೆ ಒಂದರ ಪಕ್ಕ ಒಂದು ಪರದೆ ಹಚ್ಚಿದರು. ಅದರಲ್ಲೊಂದು ನನಗೆ ನೋಡಿದ ಕೂಡಲೇ ಹಿಡಿಸಿತು, ಲಡಿಯ ನೀಲಿಯೇ ಅಲ್ಲಿ ಕೂತಿತ್ತು. ಅಪ್ಪ ಲಡಿಯನ್ನು ಮೂಗಿನ ತುದಿಗೆ ತಂದು ನೋಡಿದ, ಪರದೆಗೆ ಹಿಡಿದು ನೋಡಿದ.

"ಮಂಕೇ ಕಣವ್ವ. ಎಲ್ಲಾನೂ ಮಂಕೆ. ನೀಲಿನೇ ಇಲ್ವಲ್ಲ."

ಅಂಗಡಿಯವರು ನನ್ನ ಮುಖ ನೋಡಿದರು. ಇನ್ನು ಬಿಸಿಲಿನ ಮೇಲೆ ತಪ್ಪು ಹೊರಿಸುವಂತಿರಲಿಲ್ಲ.

"ಅಪ್ಪಾ, ತಪ್ಪು ಸ್ಕ್ರೀನಿಂದಲ್ಲ," ಅಂದೆ.

ಅವನು ಲಡಿಯನ್ನು ಬೆರಳಿಗೆ ಸುತ್ತಿಕೊಂಡ. "ಗೊತ್ತು ಕಣವ್ವ. ಆಪ್ರೇಸನ್ ಮಾಡಿ ಕಣ್ಣೊಳಕ್ಕೆ ಬ್ಯಾರೆ ಲೆನ್ಸು ಇಕ್ತರಂತೆ. ಅದು ಯಾವ ಬಣ್ಣ ತೋರ್ಸ್ತದೋ ಏನೋ! ಇರೋ ಕಣ್ಣೂ ಓಯ್ತು ಅಂದ್ರೆ, ಲಡಿ ತಕಂಡು ಬಂದೋರ್ಗೆ ಏನಂತ ಏಳ್ಲಿ?"

ಅವನ ಹೆದರಿಕೆಯನ್ನು ಹಟ ಅಂದುಕೊಂಡು ಇಷ್ಟು ದಿನ ಜಗಳವಾಡಿದ್ದೆನಲ್ಲ! ಅಂಗಡಿಯವರ ಕಡೆ ತಿರುಗಿದೆ.

"ಸರ್, ಮಾನಿಟರ್ ಬಿಟ್ಟು ಮಿಕ್ಕಿದ್ದು ಕೊಡಿ. ಅದ್ನ ನಮ್ಮಪ್ಪನೇ ಕಣ್ಣು ಸರಿಮಾಡ್ಸ್ಕಂಡು ಬಂದು ಆರುಸ್ತರೆ."

ಹೀಗೆ ಬಂತು ಕಣ್ಣಿಲ್ಲದ ಕಂಪ್ಯೂಟರ್. ಮಗ್ಗದ ಪಕ್ಕದ ಸ್ಟೂಲಿನ ಮೇಲಿಟ್ಟು ದಿನಾ ಆನ್ ಮಾಡುತ್ತಿದ್ದೆ. ಫ್ಯಾನು ಗುಂಯ್ ಅನ್ನುತ್ತಿತ್ತು, ಕಾಣುವುದೇನೂ ಇಲ್ಲ. "ನಮ್ಮನೇಲೀಗ ಕಣ್ಣು ಕಾಣ್ದೋರು ಇಬ್ರು," ಅಂತ ಅವ್ವ ಬಂದವರಿಗೆಲ್ಲ ಹೇಳತೊಡಗಿದಳು. ಒಂದು ದಿನ ಅಪ್ಪನಿಗೆ ಸಿಟ್ಟೂ ಬಂತು, ನಗುವೂ ಬಂತು. "ಆಯ್ತು ನಡೀರಿ ಅತ್ಲಾಗೆ, ಏನ್ ಕುಯ್ತರೋ ಕುಯ್ಲಿ!" ಅಂದ.

ಆಪರೇಷನ್ ಆಗಿ, ಕಣ್ಣು ವಾಸಿಯಾಗಿ, ಮತ್ತೆ ಅದೇ ಅಂಗಡಿಗೆ ಹೋದೆವು. ಅದೇ ಲಡಿ. ನಾನು ಮೆಚ್ಚಿದ್ದ ಪರದೆಯನ್ನು ಅಪ್ಪ ಒಂದೇ ನೋಟಕ್ಕೆ ಒತ್ತಟ್ಟಿಗಿಟ್ಟ. "ಇದ್ರಲ್ಲಿ ಕೆಂಪು ಬೆರ್ತದೆ ಕಣವ್ವ. ಅಗೋ, ಅದು ಸರಿ." ನನಗೆ ಮೂಗಿನ ತುದಿಗೇ ಕೋಪ ಬಂತು, ಕುಣಿಯುವಷ್ಟು ಖುಷಿಯೂ ಆಯಿತು. ಅವನು ತೋರಿಸಿದ್ದನ್ನೇ ತಂದೆವು.

ಮನೆಯಲ್ಲಿ ಪರದೆ ಬೆಳಗಿದ ಕೂಡಲೇ ಅವ್ವ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಬಂದಳು. ಉಟ್ಟಿದ್ದದ್ದು ಆ ನೀಲಿ ಸೀರೆ. ಅಪ್ಪನ ಕಣ್ಣು ಪರದೆಯಿಂದ ಅವಳ ಸೀರೆಗೆ ಹೋಯಿತು.

"ಯಾವ ಕುರುಡ ನೇದವ್ನೆ ಇದ್ನ?"

"ನಮ್ಮನೆಯೋರು," ಅಂದಳು ಅವ್ವ.

ಅಪ್ಪ ಸೆರಗು ಹಿಡಿದು ಅವಳನ್ನು ಬಾಗಿಲಿಗೆ ಕರೆತಂದ. ಹಗಲು ಬೆಳಕಿನಲ್ಲಿ ನೀಲಿ ಎಲ್ಲಿ ಮುಗಿದಿದೆ, ಹಸಿರು ಎಲ್ಲಿ ಶುರುವಾಗಿದೆ ಅಂತ ಬೆರಳಾಡಿಸಿ ನೋಡಿದ. ಅವನ ಮುಖ ಸಪ್ಪಗಾಯಿತು.

"ಇದ್ನ ಉಟ್ಕಂಡು ಬೀದೀಲೆಲ್ಲ ತಿರುಗಿದ್ಯಲ್ಲ. ಬಣ್ಣ ಆಕ್ದೋನ ತಪ್ಪಲ್ಲ ಅಂತ ಯಾಕ ಏಳ್ನಿಲ್ಲ ನಂಗೆ?"

"ಏಳಿದ್ರೆ ನೀವು ಮಗ್ಗ ಬಿಟ್ಬುಡ್ತಿದ್ರಿ ಕಣ್ರಿ," ಅಂದು ಅವ್ವ ಸೆರಗು ಬಿಡಿಸಿಕೊಂಡು ಮಾನಿಟರಿಗೆ ಕುಂಕುಮ ಇಡಲು ಒಳಗೆ ಹೋದಳು.